ಖಡೇಬಜಾರ್‌ನಲ್ಲಿ ಕೊಂಡ ಹಳೆಯ ಥಿಂಕ್‌ಪ್ಯಾಡ್

ಬೆಳಗಾವಿಯ ಖಡೇಬಜಾರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮಾರುವ ಅಂಗಡಿಯೊಂದರಿಂದ ಲೆನೊವೊ ಥಿಂಕ್‌ಪ್ಯಾಡ್ ಟಿ480 ತಂದಿದ್ದೇವೆ. ಬೆಲೆ 18,500 ರೂಪಾಯಿ. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ, ಅಂಗಡಿಯವನ ಮಾತಿಗೆ ಒಂದು.

"ಕಾಕೂ, ಇವೆಲ್ಲ ಬೆಂಗಳೂರಿನ ಲೇಆಫ್ ಮಾಲು, ಹೆಚ್ಚು ಬಳಸಿಯೇ ಇಲ್ಲ" ಎಂದು ಅವನು ಶುರು ಮಾಡಿದ. ಪಕ್ಕದಲ್ಲೇ ನನ್ನ ಮಗ ನಿಂತಿದ್ದ. ಅಲ್ಲಿನ ಕಂಪನಿಯೊಂದು ಅವನನ್ನು ಮನೆಗೆ ಕಳುಹಿಸಿ ಬಹಳ ದಿನವಾಗಿಲ್ಲ. ಬೆಳಿಗ್ಗೆ ವಿಡಿಯೊ ಕರೆ. ಅದು ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪಿಗೆ ಬೀಗ. ಆಮೇಲೆ ಕೊರಿಯರ್‌ನವನು ಬಂದು ಚಾರ್ಜರ್ ಸಮೇತ ಒಯ್ದ. ಎಂಟು ವರ್ಷ ದುಡಿದವನ ಬಳಿ ಹೊಸ ಕೆಲಸಕ್ಕೆ ಅರ್ಜಿ ಹಾಕಲೂ ಕಂಪ್ಯೂಟರ್ ಉಳಿಯಲಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೈಬಿಡಲಿದೆ ಎಂದು ಪತ್ರಿಕೆಯಲ್ಲಿ ಓದಿದಾಗ ಅದು ಯಾರದೋ ಮನೆಯ ಸುದ್ದಿಯಾಗಿತ್ತು.

ಬಳಸಿಯೇ ಇಲ್ಲ ಎಂಬುದು ಶುದ್ಧ ಸುಳ್ಳು. ಇದು 2018ರ ಮಾದರಿ. ಸಿ ಮತ್ತು ವಿ ಕೀಲಿಗಳು ಸವೆದು ಹೊಳೆಯುತ್ತಿದ್ದವು. ಕಂಪನಿಗಳ ಯಂತ್ರಗಳು ಲೀಸ್ ಮುಗಿದೂ ಮಾರುಕಟ್ಟೆಗೆ ಬರುತ್ತವೆ, ಎಲ್ಲವೂ ಕೆಲಸ ಹೋದವರದ್ದಲ್ಲ ಎಂದು ಮಗ ಹೇಳಿದ. ಮಾರುವವನಿಗೆ ಮಾತ್ರ ಇನ್ನೊಬ್ಬರ ಕೆಲಸ ಹೋದದ್ದೇ ಜಾಹೀರಾತು!

ಕೊಳ್ಳುವವರು ನೋಡಲೇಬೇಕಾದದ್ದು ಬೀಗ. ಮಗ ಅಂಗಡಿಯಲ್ಲೇ ಯಂತ್ರವನ್ನು ಪೂರ್ತಿ ರೀಸೆಟ್ ಮಾಡಿಸಿ ಇಂಟರ್‌ನೆಟ್‌ಗೆ ಜೋಡಿಸಿದ. ಮೊದಲು ತೋರಿಸಿದ್ದರ ಪರದೆಯಲ್ಲಿ ಯಾವುದೋ ಕಂಪನಿಯ ಹೆಸರು ಮೂಡಿ, ನೌಕರರ ಇಮೇಲ್ ಕೇಳಿತು. ಕಂಪನಿಯವರು ತಮ್ಮ ದಾಖಲೆಯಿಂದ ಯಂತ್ರವನ್ನು ಬಿಡುಗಡೆ ಮಾಡಿರದಿದ್ದರೆ ಹೀಗಾಗುತ್ತದೆ, ಎಷ್ಟು ಸಲ ರೀಸೆಟ್ ಮಾಡಿದರೂ ಹೋಗುವುದಿಲ್ಲವಂತೆ. ಅಂಗಡಿಯವನು ಮಾತಿಲ್ಲದೆ ಅದನ್ನು ಒಳಗಿಟ್ಟು ಇನ್ನೊಂದು ತಂದ. ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವಳು ನಾನು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡ ಮೇಲೆಯೇ ದುಡ್ಡು ಎಣಿಸಿದೆ.

ಯಂತ್ರ ಗಟ್ಟಿಯಾಗಿದೆ, ಕೀಲಿಮಣೆ ಹಿತವಾಗಿದೆ. ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11 ನಡೆಯುತ್ತದೆ. ಏಳನೆಯ ತಲೆಮಾರಿನದ್ದು ಅಗ್ಗಕ್ಕೆ ಸಿಕ್ಕರೂ ಬೇಡ, ಅದು ಸಾಮಾನ್ಯವಾಗಿ ವಿಂಡೋಸ್ 10ರಲ್ಲೇ ನಿಲ್ಲುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಕ್ಯಾಮೆರಾ ಸಾಧಾರಣ, ಸಂದರ್ಶನ ಕೊಡುವವರು ಬೆಳಕಿಗೆ ಮುಖ ಮಾಡಿ ಕುಳಿತುಕೊಳ್ಳಬೇಕು. ನಮ್ಮ ಟಿಳಕವಾಡಿಯ ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ಅಡುಗೆಮನೆಗೆ ಮಾತ್ರ, ಹಾಗಾಗಿ ಸಂದರ್ಶನದ ಹೊತ್ತಿನಲ್ಲಿ ಕುಕ್ಕರ್ ಇಡುವಂತಿಲ್ಲ.

ಬ್ಯಾಟರಿ ಎರಡಿವೆ, ಒಳಗೊಂದು, ಹಿಂದೊಂದು. ಹಿಂದಿನದನ್ನು ನಾವೇ ಕಳಚಿ ಬದಲಿಸಬಹುದು; ಬದಲಿಸಬೇಕಾಗಿಯೂ ಬಂತು, ಹಣ ಬೇರೆ ತೆಗೆದಿಡಿ. ಒಂದು ತಿಂಗಳ ಗ್ಯಾರಂಟಿಯಲ್ಲಿ ಬ್ಯಾಟರಿ ಸೇರಿಲ್ಲ ಎಂದು ಬಿಲ್ಲಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಕನ್ನಡಕ ಒಯ್ಯಿರಿ.