ಸಸಿ ಬ್ಯಾಗಿಗೆ ಯಾವ ಜೆಲ್? ಅಡುಗೆಮನೆಯಲ್ಲಿ ನೋಡಿದ್ದು

ಮಾರ್ಚ್ ತಿಂಗಳಲ್ಲಿ ಕಾಫಿ ಸಸಿಗಳಿಗೆ ನೀರು ಹೊರುವ ಕಷ್ಟ ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ಹೂಮಳೆ ತಡವಾದರಂತೂ ಕೇಳುವುದೇ ಬೇಡ. ನೀರು ಹಿಡಿದಿಡುವ ಜೆಲ್ ಹಾಕೋಣ ಅಂತ ಮೊದಲು ಮನೆಯಲ್ಲೇ ಎರಡನ್ನು ಪರೀಕ್ಷೆ ಮಾಡಿದೆ. ಒಂದು, ಡೈಪರ್ ಹರಿದು ತೆಗೆದ ಪುಡಿ, ಅಂದರೆ ಸೋಡಿಯಂ ಪಾಲಿಅಕ್ರಿಲೇಟ್. ಇನ್ನೊಂದು, ತೋಟಕ್ಕೆಂದೇ ಮಾರುವ ಹರಳು, ಅದೇ ಬಗೆಯದ್ದು, ಸೋಡಿಯಂ ಬದಲು ಪೊಟ್ಯಾಶಿಯಂ.

ಮಳೆನೀರಿನಲ್ಲಿ ಡೈಪರ್ ಪುಡಿಯೇ ಮುಂದೆ. ಒಂದು ಗ್ರಾಂ ಪುಡಿ ನೋಡನೋಡುತ್ತಲೇ ಹೆಚ್ಚುಕಮ್ಮಿ ಕಾಲು ಲೀಟರ್ ಕುಡಿಯಿತು. ಹರಳಿಗೆ ಗಂಟೆಗಟ್ಟಲೆ ಬೇಕಾಯಿತು. ತುಣುಕಿನ ಅಗಲ ಎರಡರಷ್ಟಾದರೆ ಉಬ್ಬುವ ಸಮಯ ಸುಮಾರು ನಾಲ್ಕರಷ್ಟಾಗುತ್ತದೆ.

ಆಮೇಲೆ ಒಂದು ಚಮಚ ಉಪ್ಪು ಹಾಕಿದೆ. ಎರಡೂ ನೀರು ಬಿಟ್ಟು ಕುಗ್ಗಿದವು. ಜೆಲ್ ಒಳಗಿನ ಸೋಡಿಯಂ, ಪೊಟ್ಯಾಶಿಯಂ ನೀರನ್ನು ಎಳೆಯುತ್ತವೆ. ಹೊರಗೂ ಉಪ್ಪು ಜಾಸ್ತಿಯಾದರೆ ಆ ಸೆಳೆತ ಉಳಿಯುವುದಿಲ್ಲ. ರಸಗೊಬ್ಬರವೂ ಉಪ್ಪೇ ಅಲ್ವಾ? ಪಂದಿಕರಿಗೆ ಇಟ್ಟಿದ್ದ ಕಾಚಂಪುಳಿ, ಅಂದರೆ ನಮ್ಮ ಕಡೆಯ ಹುಳಿರಸ, ಹಾಕಿದರೂ ಹಾಗೇ ಕುಗ್ಗಿದವು. ಜೆಲ್ ಅಂದರೆ ಉದ್ದುದ್ದ ಎಳೆಗಳ ಬಲೆ; ಹುಳಿ ಸೇರಿದಾಗ ಆ ಎಳೆಗಳ ಮೇಲಿನ ವಿದ್ಯುದಂಶ ಹೋಗುತ್ತದೆ, ಅವು ಒಂದನ್ನೊಂದು ದೂರ ತಳ್ಳುವುದು ನಿಲ್ಲುತ್ತದೆ. ಅಡುಗೆ ಸೋಡಾ ಬೆರೆಸಿ, ಚೆನ್ನಾಗಿ ತೊಳೆದ ಮೇಲೆ ಮತ್ತೆ ಉಬ್ಬಿದವು.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಸುಣ್ಣ. ಸುಣ್ಣದ ತಿಳಿಯಲ್ಲಿ ಇಟ್ಟ ಹರಳು ಬಿಳಿಚಿಕೊಂಡು, ಬೆರಳಿಗೆ ರಬ್ಬರಿನಂತೆ ಗಟ್ಟಿಯಾಗಿ ಸಿಕ್ಕಿತು. ಮತ್ತೆ ಮಳೆನೀರಿಗೆ ಹಾಕಿ ಎರಡು ದಿನ ಕಾದೆ. ಮೊದಲಿನಂತೆ ಉಬ್ಬಲೇ ಇಲ್ಲ. ಸುಣ್ಣದಲ್ಲಿರುವ ಒಂದೊಂದು ಕ್ಯಾಲ್ಸಿಯಂ ಕಣ ಎರಡೆರಡು ಕಡೆ ಎಳೆಗಳನ್ನು ಹಿಡಿದು ಕಟ್ಟಿಬಿಡುತ್ತದೆ. ನಮ್ಮ ಹುಳಿ ಮಣ್ಣಿಗೆ ಸುಣ್ಣ ಹಾಕದೆ ಆಗುವುದಿಲ್ಲ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಮೂರನೆಯ ಜೆಲ್ ತಂದಿದ್ದಳು. ಪಿನಿಪಾಮ್ ಅಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಬೆಳಗಿನ ಚಳಿಯಲ್ಲಿ ಗಾಜಿನ ಕೊಳವೆಯೊಳಗೆ ತಿಳಿಯಾಗಿತ್ತು. ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಬಿಗಿಯಾಗಿ ಹಿಡಿದೆ, ಹಾಲಿನಂತೆ ಬೆಳ್ಳಗಾಯಿತು! 32 ಡಿಗ್ರಿ ದಾಟಿದರೆ ಕಣಗಳು ನೀರು ಬಿಟ್ಟು ಮುದುಡುತ್ತವೆ, ತಣ್ಣಗಾದರೆ ಮತ್ತೆ ಅರಳುತ್ತವೆ. ನಾನು ಹತ್ತು ಸಲ ಮಾಡಿ ನೋಡಿದೆ, ಒಮ್ಮೆಯೂ ತಪ್ಪಲಿಲ್ಲ. ಚೆಂದದಲ್ಲಿ ಇದಕ್ಕೇ ನನ್ನ ಮೊದಲ ಅಂಕ. ಆದರೆ ಬಿಸಿಲಿಗೆ ನೀರು ಬಿಡುವ ಜೆಲ್ ಸಸಿಗೆ ಆಗಿಬರುವುದಿಲ್ಲ.

ಡೈಪರ್ ಪುಡಿಯನ್ನೂ ಬಿಟ್ಟೆ. ಮಣ್ಣಿನಲ್ಲಿ ಗಂಜಿಯಂತೆ ಅಂಟುತ್ತದೆ, ಅದರ ಸೋಡಿಯಂ ಗಿಡಕ್ಕೆ ಒಳ್ಳೆಯದಲ್ಲ. ಈ ಸಲ ನಲವತ್ತು ಬ್ಯಾಗಿಗೆ ಹರಳು ಹಾಕಿದ್ದೇನೆ, ಮಳೆನೀರಿನಲ್ಲೇ ಉಬ್ಬಿಸಿ. ಸುಣ್ಣದ ಚೀಲವನ್ನು ಆ ಸಾಲಿನ ಹತ್ತಿರ ತರಬಾರದು ಅಂತ ಮನೆಯವರಿಗೆಲ್ಲ ಹೇಳಿದ್ದೇನೆ.