ಕಣ್ಣು ತೋರಿಸಿಕೊಂಡು ಬಂದ ದಿನ ಕಣ್ಣು ಉಜ್ಜಬೇಡಿ, ಕೇಳದೆ ಯಾವ ಡ್ರಾಪ್ಸೂ ಹಾಕಬೇಡಿ

ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಅಮ್ಮನಿಗೂ ಶುಗರ್ ಇದೆ. ಹಾಗಾಗಿ ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು. ಈ ಸಲ ಮೊದಲು ಒಂದು ಡ್ರಾಪ್ಸ್ ಹಾಕಿ, ಹಳದಿ ಬಣ್ಣ ಬಿಟ್ಟು, ನೀಲಿ ಲೈಟಿನ ಮಷೀನಿನಲ್ಲಿ ಕಣ್ಣಿನ ಪ್ರೆಶರ್ ನೋಡಿದರು. ಆಮೇಲೆ ಪಾಪೆ ಅಗಲ ಆಗೋಕೆ ಇನ್ನೊಂದು ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿ ಹೊರಗೆ ಕೂತಿರಿ ಎಂದರು.

ಮೊದಲು ಹಾಕಿದ್ದು ಕಣ್ಣನ್ನು ಮರಗಟ್ಟಿಸುವ ಔಷಧಿ. ಸುಮಾರು 15–20 ನಿಮಿಷ ಕಣ್ಣಿಗೆ ಏನು ತಗುಲಿದರೂ ಗೊತ್ತಾಗುವುದಿಲ್ಲ. ಇದನ್ನು ಅಲ್ಲಿ ಒಬ್ಬರೂ ಹೇಳಲಿಲ್ಲ. ಒಂದು ಮಾತು, ಅಷ್ಟೇ ಸಾಕಿತ್ತು. ಕೆನ್ನೆಗೆ ಇಳಿಯುತ್ತಿದ್ದ ಹಳದಿ ನೀರನ್ನು ಅಮ್ಮ ಸೆರಗಿನಿಂದ ಒರೆಸಿಕೊಂಡರು, ಹಾಗೇ ಕಣ್ಣನ್ನೂ ಚೆನ್ನಾಗಿ ಉಜ್ಜಿಕೊಂಡರು. ಜರಿ ಅಂಚಿನ ಸೆರಗು ಅದು.

ಸಂಜೆ ಹೊತ್ತಿಗೆ ಬಲಗಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚತೊಡಗಿತು. ನೀರು ಸುರಿಯುತ್ತಲೇ ಇತ್ತು, ರೆಪ್ಪೆ ತೆರೆಯೋಕೇ ಆಗುತ್ತಿರಲಿಲ್ಲ. ಡ್ರಾಪ್ಸ್ ಹಾಕಿದ್ದಾರಲ್ವಾ, ಹಂಗೇ ಇರತ್ತೆ ಅಂತ ಎಲ್ಲರೂ ಹೇಳಿದರು. ಇಲ್ಲ, ಹಾಗಿರುವುದಿಲ್ಲ. ಪಾಪೆ ಅಗಲ ಮಾಡಿದರೆ ಸಾಮಾನ್ಯವಾಗಿ ನಾಲ್ಕಾರು ಗಂಟೆ ಹತ್ತಿರದ್ದು ಮಂಜಾಗುತ್ತದೆ, ಬಿಸಿಲು ಕುಕ್ಕುತ್ತದೆ. ನೋವು ಜಾಸ್ತಿ ಆಗುತ್ತಾ ಹೋದರೆ ಅದು ಬೇರೆಯದೇ ವಿಷಯ.

ಪಕ್ಕದ ಮನೆ ಅಜ್ಜಿ ನಂದಿಬಟ್ಟಲು ಹೂವಿನ ರಸ ಹಿಂಡಿ ಎಂದರು. ಚಿಕ್ಕಪ್ಪ ಮೆಡಿಕಲ್ ಶಾಪಿಗೆ ಹೋಗಿ ಚೀಟಿ ಇಲ್ಲದೆಯೇ ಒಂದು ಡ್ರಾಪ್ಸ್ ತಂದರು. ಡಬ್ಬಿ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಡೆಕ್ಸಾಮೆಥಾಸೋನ್. ಅದು ಸ್ಟೀರಾಯ್ಡ್. ಕಣ್ಣಿನ ಮೇಲೆ ಗಾಯ ಇದ್ದಾಗ ಸುಮ್ನೆ ಅದನ್ನು ಹಾಕಿದರೆ ಗಾಯ ಮಾಯುವುದು ತಡವಾಗಬಹುದು, ಸೋಂಕು ಇದ್ದರೆ ಒಳಗೊಳಗೇ ಬೆಳೆಯಬಹುದು. ಕೆಲವರಿಗೆ ಕಣ್ಣಿನ ಪ್ರೆಶರ್ ಕೂಡ ಏರುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತೆಯೇ ಇಲ್ಲದ ಔಷಧಿಯನ್ನು ಹೀಗೆ ಕೊಟ್ಟು ಕಳಿಸಿದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸೀಲ್ ಒಡೆಯದೆ ವಾಪಸ್ ಕೊಟ್ಟೆವು.

ಬೆಳಿಗ್ಗೆ ಬೇರೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಮತ್ತೆ ಹಳದಿ ಬಣ್ಣ ಬಿಟ್ಟು ನೀಲಿ ಲೈಟ್ ಹಾಕಿದಾಗ ಕಾರ್ನಿಯಾ (ಕಣ್ಣಿನ ಮುಂಭಾಗದ ಗಾಜಿನಂಥ ಪಾರದರ್ಶಕ ಪದರ) ಮೇಲೆ ಉದ್ದಕ್ಕೆ ಒಂದು ಗೀರು ಹಸಿರಾಗಿ ಹೊಳೆಯಿತು. ಆಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟರು. ನಮ್ಮ ಪುಣ್ಯ, ಕೆಲವೇ ದಿನಗಳಲ್ಲಿ ಮಾಯಿತು.

ಹಾಕುತ್ತಿರುವುದು ಯಾವ ಡ್ರಾಪ್ಸ್, ಎಷ್ಟು ಹೊತ್ತು ಕಣ್ಣು ಮುಟ್ಟಬಾರದು ಎಂದು ಅಲ್ಲೇ ಬಾಯಿಬಿಟ್ಟು ಕೇಳಿ. ಹೊರಗೆ ಕೂತಾಗ ಹಿರಿಯರ ಕೈ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ, ಕೆನ್ನೆಯನ್ನು ಮಾತ್ರ ಒರೆಸಿ. ಮರಗಟ್ಟಿಸುವ ಡ್ರಾಪ್ಸನ್ನು ನೋವಿಗೆಂದು ಮನೆಗೆ ಕೇಳಿ ತರಲೇಬೇಡಿ, ಪದೇ ಪದೇ ಹಾಕಿದರೆ ಕಾರ್ನಿಯಾನೇ ಹಾಳಾಗುತ್ತದೆ.

ಇನ್ನೊಂದಿದೆ, ಅಪರೂಪ, ಆದರೆ ಇದಕ್ಕಿಂತ ಅಪಾಯ. ಪಾಪೆ ಅಗಲ ಮಾಡಿದ ಮೇಲೆ ಕೆಲವರಿಗೆ ಕಣ್ಣಿನ ಪ್ರೆಶರ್ ದಿಢೀರನೆ ಏರುತ್ತದೆ. ಕಣ್ಣು ಕೆಂಪಾಗಿ ವಿಪರೀತ ನೋವು, ಅದೇ ಕಡೆ ತಲೆನೋವು, ವಾಂತಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಾಣಿಸುವುದು, ದೃಷ್ಟಿ ಮಸುಕಾಗುವುದು ಇದರ ಲಕ್ಷಣ. ಪಿತ್ತ ಇರಬೇಕು ಎಂದು ಮಲಗಿಸಬೇಡಿ. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಕಣ್ಣಿನ ಡಾಕ್ಟರ್ ಸಿಗುವ ಆಸ್ಪತ್ರೆಗೆ ಹೊರಡಿ.