ಒಂದೇ ಫ್ಯಾನಿನ ಕಂಪ್ಯೂಟರ್: ದಾವಣಗೆರೆಯ ಸೆಕೆಯಲ್ಲಿ ಡೆಸ್ಕ್‌ಮಿನಿ ಎಕ್ಸ್300

ಮೊದಲೇ ಹೇಳಿಬಿಡುತ್ತೇನೆ, ಈ ಡಬ್ಬಿ ನನಗೆ ಇಷ್ಟವಾಗಿದೆ. ಆದರೆ ಅಂಗಡಿಯವರು ಹೇಳಿದ ಹಾಗೆ ಜೋಡಿಸಿಕೊಂಡು ಬಂದಿದ್ದರೆ ಇಷ್ಟವಾಗುತ್ತಿರಲಿಲ್ಲ.

ಮಂಡಿಪೇಟೆಯ ಮೂರ್ನಾಲ್ಕು ಅಂಗಡಿಗಳ ಲೆಕ್ಕವನ್ನು ನಾನು ಮನೆಯಲ್ಲೇ ಕೂತು ಟ್ಯಾಲಿಯಲ್ಲಿ ಬರೆಯುತ್ತೇನೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಏಜ್ ಆಫ್ ಎಂಪೈರ್ಸ್ ಆಡುತ್ತೇನೆ. ಇದು ಕಾಲೇಜಿನಿಂದ ಬಂದ ಚಟ, ಇನ್ನೂ ಬಿಟ್ಟಿಲ್ಲ. ವಿನೋಬನಗರದ ನಮ್ಮ ಮನೆ ಸಣ್ಣದು. ಕಂಪ್ಯೂಟರ್ ಇರುವ ರೂಮಿನಲ್ಲೇ ನಮ್ಮನೆಯವರು ಮಲಗಬೇಕು. ಅವರದು ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ, ನಿದ್ದೆಗೆ ಹೊತ್ತುಗೊತ್ತು ಇಲ್ಲ. ಹಳೇ ಟವರ್ ಆನ್ ಮಾಡಿದರೆ ಸಾಕು, "ಆ ಮಿಕ್ಸಿ ನಿಲ್ಸೇ ಮಾರಾಯ್ತಿ" ಅನ್ನುತ್ತಿದ್ದರು. ಹಾಗಾಗಿ ನನಗೆ ಬೇಕಿದ್ದದ್ದು ಸದ್ದಿಲ್ಲದ, ಕರೆಂಟ್ ಜಾಸ್ತಿ ತಿನ್ನದ, ಟಿವಿ ಪಕ್ಕದ ಶೆಲ್ಫಿನಲ್ಲಿ ಕೂರುವ ಕಂಪ್ಯೂಟರ್. ದೊಡ್ಡ ಗೇಮ್ ಓಡಲೇಬೇಕು ಎಂಬ ಹಟ ಇರಲಿಲ್ಲ.

ಆರಿಸಿದ್ದು ಆಸ್‌ರಾಕ್ ಕಂಪನಿಯ ಡೆಸ್ಕ್‌ಮಿನಿ ಎಕ್ಸ್300. ಉದ್ದ ಅಗಲ ಎರಡೂ 155 ಮಿಲಿಮೀಟರ್, ದಪ್ಪ 80. ಕ್ಯಾಬಿನೆಟ್, ಮದರ್‌ಬೋರ್ಡ್, ಅಡಾಪ್ಟರ್ ಇಷ್ಟು ಒಟ್ಟಿಗೆ ಬರುತ್ತವೆ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ನಾವೇ ಕೊಳ್ಳಬೇಕು. ನಾನು ಹಾಕಿಸಿದ್ದು ಎಎಂಡಿ ರೈಜನ್ 5 5600ಜಿ. 2021ರಲ್ಲಿ ಬಂದ ಚಿಪ್, ಆರು ಕೋರ್, 65 ವ್ಯಾಟ್. ಗ್ರಾಫಿಕ್ಸ್ ಅದರ ಒಳಗೇ ಇದೆ, ಬೇರೆ ಕಾರ್ಡ್ ಬೇಡ. ಹಾಕುತ್ತೇನೆ ಎಂದರೂ ಈ ಡಬ್ಬಿಯಲ್ಲಿ ಅದಕ್ಕೆ ಜಾಗ ಇಲ್ಲ ಬಿಡಿ.

ಇದರ ದೊಡ್ಡ ಗುಣ ಹೊರಗಡೆ ಕಾಣುವುದಿಲ್ಲ. ಮಾಮೂಲಿ ಟವರಿನಲ್ಲಿ ಕರೆಂಟ್ ಪೂರೈಸುವ ಎಸ್‌ಎಂಪಿಎಸ್‌ಗೊಂದು ಫ್ಯಾನ್, ಕ್ಯಾಬಿನೆಟ್ಟಿಗೊಂದೆರಡು, ಗ್ರಾಫಿಕ್ಸ್ ಕಾರ್ಡಿಗೆ ಬೇರೆ. ಇಲ್ಲಿ ಲ್ಯಾಪ್‌ಟಾಪ್‌ಗೆ ಬರುವಂಥ 120 ವ್ಯಾಟಿನ ಅಡಾಪ್ಟರ್ ಹೊರಗೇ ಇರುತ್ತದೆ, ಅದರಲ್ಲಿ ಫ್ಯಾನೇ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇಲ್ಲ. ಸದ್ದು ಬರಬೇಕಾದರೆ ಪ್ರೊಸೆಸರ್ ಮೇಲಿನ ಫ್ಯಾನ್ ಒಂದರಿಂದಲೇ ಬರಬೇಕು. ಅದೊಂದನ್ನು ಪಳಗಿಸಿದರೆ ಕೆಲಸ ಮುಗಿಯಿತು.

ದಾವಣಗೆರೆಯಲ್ಲಿ ಲ್ಯಾಪ್‌ಟಾಪ್, ಪ್ರಿಂಟರ್, ಸಿಸಿಟಿವಿಗೆ ಅಂಗಡಿಗಳು ಬೇಕಾದಷ್ಟಿವೆ. ಇಂಥ ಡಬ್ಬಿಯನ್ನು ಸ್ಟಾಕ್ ಇಟ್ಟವರು ನನಗೆ ಸಿಗಲಿಲ್ಲ. ಪಿ.ಜೆ. ಬಡಾವಣೆಯ ಒಂದು ಅಂಗಡಿಯವರು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿಕೊಡಲು ಒಪ್ಪಿದರು. ಹೆಸರು ಬೇಡ, ಯಾಕೆಂದರೆ ಸ್ವಲ್ಪ ಬೈಯುವುದಿದೆ. "ಇಷ್ಟು ಸಣ್ಣದ್ರಾಗ ಏನ್ ಗೇಮ್ ಆಡ್ತೀರಿ ಮೇಡಂ? ಬಣ್ಣಬಣ್ಣದ ಲೈಟಿನ ಆರ್‌ಜಿಬಿ ಕ್ಯಾಬಿನೆಟ್ ಐತಿ, ನೋಡ್ರಿ" ಎಂದು ಶುರು ಮಾಡಿದ ಹುಡುಗ ಕೊನೆವರೆಗೂ ಅದನ್ನೇ ಹೇಳಿದ. ಅದು ಹೋಗಲಿ, ವ್ಯಾಪಾರ. ನನಗೆ ಸಿಟ್ಟು ಬಂದದ್ದು ಅವರು ಕೊಟ್ಟ ಕೊಟೇಶನ್ ನೋಡಿ.

ಅದರಲ್ಲಿ 16 ಜಿಬಿಯ ಒಂದೇ ರ‍್ಯಾಮ್ ಬರೆದಿದ್ದರು. ಮುಂದೆ ಬೇಕಾದರೆ ಇನ್ನೊಂದು ಹಾಕಿಸಬಹುದಲ್ಲ ಎಂಬ ಸಮಾಧಾನ ಬೇರೆ. ಟ್ಯಾಲಿಗಾದರೆ ಆ ಮಾತು ಸರಿ. ಗೇಮ್‌ಗೆ ಇದು ಕೆಡಿಸುವ ಸಲಹೆ. ಈ ಚಿಪ್ಪಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಇದಕ್ಕೆ ಹಾಕುವ ಡಿಡಿಆರ್4 ತಲೆಮಾರಿನ, 3200 ವೇಗದ ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ 25.6 ಜಿಬಿ ಡೇಟಾ ಓಡಾಡುವಷ್ಟು ದಾರಿ. ಎರಡು ಇದ್ದರೆ 51.2. ದುಡ್ಡು ಹೆಚ್ಚುಕಮ್ಮಿ ಅಷ್ಟೇ, ದಾರಿ ಮಾತ್ರ ದುಪ್ಪಟ್ಟು. ಎಂಟೆಂಟು ಜಿಬಿಯ ಎರಡು ಬೇಕು ಎಂದು ಹಟ ಹಿಡಿದು ಬರೆಸಿದೆ. ಲ್ಯಾಪ್‌ಟಾಪಿನ ಸಣ್ಣ ರ‍್ಯಾಮೇ ಇದಕ್ಕೂ ಆಗುವುದು, ಅದನ್ನೂ ಗಮನಿಸಿ.

ಇನ್ನು ಕೂಲರ್, ಅಂದರೆ ಪ್ರೊಸೆಸರ್ ತಣ್ಣಗಿಡುವ ಫ್ಯಾನಿನ ಜೋಡಣೆ. 5600ಜಿ ಜೊತೆ ಬಾಕ್ಸಿನಲ್ಲೇ ಒಂದು ಕೂಲರ್ ಪುಕ್ಕಟೆ ಬರುತ್ತದೆ. ಅದರ ಎತ್ತರ 54 ಮಿಲಿಮೀಟರ್. ಎಕ್ಸ್300 ಒಳಗೆ ಹಿಡಿಯುವುದು 46 ಮಾತ್ರ. ಕೂರುವುದೇ ಇಲ್ಲ! ಇದನ್ನೂ ಕೊಟೇಶನ್ ಬರೆದವರು ನೋಡಿರಲಿಲ್ಲ. ಆಮೇಲೆ ತೋರಿಸಿದ ಸಣ್ಣ ಕೂಲರ್ ತಿರುಗಿದರೆ ಕೀರಲು ಸದ್ದು. ನಾನು ನಾಕ್ಟುವಾ ಎನ್‌ಎಚ್-ಎಲ್9ಎ ತರಿಸಿಕೊಂಡೆ. ಆಸ್ಟ್ರಿಯಾದ ಕಂಪನಿ, ಎತ್ತರ 37 ಮಿಲಿಮೀಟರ್, ಬಣ್ಣ ಚಾಕಲೇಟು ಕಂದು, ನೋಡಲು ಏನೂ ಚೆನ್ನಾಗಿಲ್ಲ. ಹೆಚ್ಚುಕಮ್ಮಿ ಐದು ಸಾವಿರ ಬಿತ್ತು. ಒಂದು ಫ್ಯಾನಿಗೆ ಐದು ಸಾವಿರವಾ ಎಂದು ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ. ನನ್ನನ್ನು ಕೇಳಿದರೆ ಇಡೀ ಡಬ್ಬಿಯಲ್ಲಿ ಸಾರ್ಥಕವಾದ ಖರ್ಚು ಇದೊಂದೇ. ಇದಕ್ಕೆ ಸ್ಕ್ರೂ ಹಾಕುವುದು ಬೋರ್ಡಿನ ಹಿಂದಿನಿಂದ. ಬೋರ್ಡ್ ಪೂರ್ತಿ ಬಿಚ್ಚಬೇಕು. ಆ ಹುಡುಗ ಗೊಣಗಿದರೂ ಕೆಲಸ ಅಚ್ಚುಕಟ್ಟಾಗಿ ಮಾಡಿದ, ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಕೂಡ ಅಳತೆಗೆ ತಕ್ಕಷ್ಟೇ ಹಚ್ಚಿದ. ಬೈದಿದ್ದೇನೆ, ಇದನ್ನೂ ಹೇಳಬೇಕಲ್ವಾ.

ಒಳ್ಳೇ ಫ್ಯಾನ್ ಹಾಕಿದರೂ ಮೊದಲು ಕಿರಿಕಿರಿ ಇತ್ತು. ರೈಜನ್ ಚಿಪ್ ಬ್ರೌಸರ್ ತೆರೆದರೂ ಸಾಕು, ಒಂದು ಕ್ಷಣ ವೇಗ ಏರಿಸಿ ಬಿಸಿಯಾಗುತ್ತದೆ. ಫ್ಯಾನ್ ಅದರ ಹಿಂದೆಯೇ ಓಡುತ್ತದೆ, ಇಳಿಯುತ್ತದೆ, ಮತ್ತೆ ಓಡುತ್ತದೆ. ಒಂದೇ ಸಮ ಬರುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಈ ಏರಿಳಿತಕ್ಕೆ ಹೊಂದಿಕೊಳ್ಳುವುದಿಲ್ಲ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ, ಫ್ಯಾನ್ ವೇಗವನ್ನು ನಾವೇ ಬರೆಯಬಹುದು. 60 ಡಿಗ್ರಿವರೆಗೆ ನಿಧಾನಕ್ಕೆ ಒಂದೇ ಸಮ ತಿರುಗು, 80ರ ಹತ್ತಿರ ಬಂದಾಗ ಮಾತ್ರ ಜೋರಾಗು ಎಂದು ಇಟ್ಟೆ. ಅಲ್ಲೇ ಗ್ರಾಫಿಕ್ಸ್‌ಗೆ 2 ಜಿಬಿ ಎತ್ತಿಟ್ಟೆ. ಆಮೇಲೆ ಟ್ಯಾಲಿ ಕೆಲಸದಲ್ಲಿ ಇದರ ಸದ್ದು ಕೇಳಿಸಿದ್ದೇ ಇಲ್ಲ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಿವಿ ಹತ್ತಿರ ಇಟ್ಟರೆ ಗೊತ್ತಾಗುತ್ತದೆ ಅಷ್ಟೇ.

ಗೇಮ್ ವಿಷಯ. ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್ ಸಲೀಸು. ಸ್ಟಾರ್‌ಡ್ಯೂ ವ್ಯಾಲಿ ಇದಕ್ಕೆ ಲೆಕ್ಕಕ್ಕೇ ಇಲ್ಲ. ಮಗನ ರಾಕೆಟ್ ಲೀಗ್, ವ್ಯಾಲೊರಂಟ್ ಎರಡೂ ಸೆಟ್ಟಿಂಗ್ ಇಳಿಸಿದರೆ ಆರಾಮಾಗಿ ಓಡುತ್ತವೆ. ಜಿಟಿಎ 5 ಕೂಡ 1080 ರೆಸಲ್ಯೂಶನ್‌ನಲ್ಲಿ ಆಡುವ ಹಾಗಿದೆ, ಚಂದ ಕಡಿಮೆ ಮಾಡಿಕೊಂಡರೆ. ಸೈಬರ್‌ಪಂಕ್ 2077 ಥರದ್ದನ್ನು ಮರೆತುಬಿಡಿ. ಫ್ರೇಮ್ ಅನ್ನು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳನ್ನು, 60ಕ್ಕೆ ಕಟ್ಟಿಹಾಕಿ. ನಮ್ಮ ಮಾನಿಟರ್ ತೋರಿಸುವುದೇ ಅಷ್ಟು, ಅದಕ್ಕಿಂತ ಜಾಸ್ತಿ ಓಡಿಸಿದರೆ ಸುಮ್ನೆ ಬಿಸಿ, ಸುಮ್ನೆ ಸದ್ದು.

ಕರೆಂಟಿನ ಲೆಕ್ಕ ನನ್ನ ಇಷ್ಟದ ಭಾಗ. ಪ್ಲಗ್ಗಿಗೆ ಹಾಕುವ ಮೀಟರ್ ತಂದು ನೋಡಿದೆ. ಟ್ಯಾಲಿ, ಬ್ರೌಸರ್ ಹೊತ್ತಿನಲ್ಲಿ 20 ವ್ಯಾಟಿನ ಒಳಗೆ. ಏಜ್ ಆಫ್ ಎಂಪೈರ್ಸ್‌ಗೆ 45ರ ಆಸುಪಾಸು. ಹಳೇ ಟವರ್ ಸುಮ್ಮನೆ ಕೂತಾಗಲೇ 80 ತಿನ್ನುತ್ತಿತ್ತು, ಗೇಮಿಗೆ 300. ದಿನಕ್ಕೆ ಎಂಟು ಗಂಟೆ ಲೆಕ್ಕದ ಕೆಲಸ, ಎರಡು ಗಂಟೆ ಆಟ ಎಂದುಕೊಳ್ಳಿ. ಹಳೆಯದಕ್ಕೆ ತಿಂಗಳಿಗೆ ಸುಮಾರು 37 ಯೂನಿಟ್, ಇದಕ್ಕೆ ಏಳು. ಉಳಿತಾಯದಲ್ಲಿ ಹತ್ತಿರಹತ್ತಿರ ಅರ್ಧ ಬಂದದ್ದು ಆಟದಿಂದಲ್ಲ, ಹಗಲು ಸುಮ್ಮನೆ ಆನ್ ಇರುವ ಹೊತ್ತಿನಿಂದ. ಬೇಸಿಗೆಯಲ್ಲಿ ಏರ್ ಕೂಲರ್ ಓಡಿಸಿದರೆ ನಮ್ಮ ಮನೆಯ ಬೆಸ್ಕಾಂ ಮೀಟರ್ 200 ಯೂನಿಟ್‌ನ ಅಂಚಿಗೆ ಬರುತ್ತದೆ. ದಾಟಿದರೆ ಗೃಹಜ್ಯೋತಿ ಇಲ್ಲ, ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಆಗ ಈ 30 ಯೂನಿಟ್‌ಗೆ ಬೆಲೆ ಬರುತ್ತದೆ. ಕರೆಂಟ್ ಹೋದರೂ ಇನ್ವರ್ಟರ್ ಮೇಲೆ ಆಟ ನಿಲ್ಲುವುದಿಲ್ಲ.

ಏಪ್ರಿಲ್ ಮಧ್ಯಾಹ್ನ ಮಾತ್ರ ಪರೀಕ್ಷೆ. ರೂಮೇ 37 ಡಿಗ್ರಿ ಇದ್ದಾಗ ಜಿಟಿಎ ಹಾಕಿದರೆ ಚಿಪ್ 85 ದಾಟುತ್ತದೆ, ಫ್ಯಾನ್ ಕೇಳಿಸುತ್ತದೆ. ಅದಕ್ಕೆ 95ರವರೆಗೆ ತಾಳುವ ಶಕ್ತಿ ಇದೆ, ಹೆದರಬೇಕಾಗಿಲ್ಲ. ಆದರೆ ಆ ಹೊತ್ತಿನಲ್ಲಿ ಮೌನದ ಕಂಪ್ಯೂಟರ್ ಎಂದು ಹೇಳಲಾರೆ. ಧೂಳೂ ಜಾಸ್ತಿ. ಡಬ್ಬಿಯ ತೂತುಗಳಿಗೆ ಜಾಲರಿ ಇಲ್ಲ. ಸೊಳ್ಳೆ ಪರದೆಯ ತುಂಡು ಅಂಟಿಸಿ ನೋಡಿದೆ, ಧೂಳು ನಿಂತಿತು, ಬಿಸಿ ಏರಿತು. ಕಿತ್ತುಹಾಕಿ ಆಗಾಗ ಬ್ಲೋವರ್ ಹಿಡಿಯುತ್ತೇನೆ.

ವೈಫೈ ಕಿಟ್ ಬೇರೆ ಕೊಳ್ಳಬೇಕು ಎಂಬುದು ಜಿಪುಣತನ. ನನ್ನದು ಆಗಿನ ಬೆಲೆಯಲ್ಲಿ ಎಲ್ಲ ಸೇರಿ ನಲವತ್ತು ಸಾವಿರದ ಒಳಗೆ ಮುಗಿಯಿತು. ಆಮೇಲೆ ರ‍್ಯಾಮ್ ಬೆಲೆ ಏರಿದೆ, ಈಗ ಅಷ್ಟಕ್ಕೆ ಆಗಲಿಕ್ಕಿಲ್ಲ. ಟ್ಯಾಲಿ ಮಾತ್ರ ಸಾಕು ಎನ್ನುವವರು ಇಂಟೆಲ್ ಎನ್100 ಹಾಕಿದ ರೆಡಿಮೇಡ್ ಮಿನಿ ಪಿಸಿ ತಗೊಳ್ಳಿ. ಆರು ವ್ಯಾಟಿನ ಚಿಪ್, ಇನ್ನೂ ಅಗ್ಗ, ಆದರೆ ಗೇಮಿಗೆ ಆಗದು. ಇನ್ನಷ್ಟು ಖರ್ಚು ಮಾಡುವವರಿಗೆ ಇದೇ ಅಳತೆಯ ಎಕ್ಸ್600 ಇದೆ. ಅದಕ್ಕೆ ಎಎಂಡಿಯ 8600ಜಿ ಚಿಪ್ ಹಾಕಿದರೆ ಗ್ರಾಫಿಕ್ಸ್ ಎಷ್ಟೋ ಚುರುಕು. ಅದಕ್ಕೆ ಡಿಡಿಆರ್5 ಬೇಕು, ಹಳೇ ರ‍್ಯಾಮ್ ಆಗುವುದಿಲ್ಲ.

ಊರಿನ ಅಂಗಡಿಯಲ್ಲಿ ತರಿಸುವುದಾದರೆ ಜಿಎಸ್‌ಟಿ ಬಿಲ್‌ನಲ್ಲಿ ಒಂದೊಂದರ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಪ್ರೊಸೆಸರ್‌ಗೆ ಮೂರು ವರ್ಷ, ನಾಕ್ಟುವಾಗೆ ಆರು ವರ್ಷ ವಾರಂಟಿ ಇದೆ. ನನ್ನ ಬಿಲ್‌ನಲ್ಲಿ ಮೊದಲು ಬರೀ "ಕಂಪ್ಯೂಟರ್ ಸೆಟ್ 1" ಎಂದಿತ್ತು. ಲೆಕ್ಕ ಬರೆಯುವವಳಿಗೇ ಇಂಥ ಬಿಲ್ ಕೊಡುತ್ತಾರೆ ನೋಡಿ. ಅಲ್ಲೇ ನಿಂತು ಬದಲಾಯಿಸಿಕೊಂಡೇ ಬಂದೆ.